ಮಗು ಈಗ ಬೇಡ, ಮುಂದೆ ಬೇಕಾಗಬಹುದು: ಎಗ್ ಫ್ರೀಜಿಂಗ್ ಎಷ್ಟರ ಮಟ್ಟಿಗೆ ಆಸರೆ?

ಇಪ್ಪತ್ತೈದು, ಮೂವತ್ತರ ಆಸುಪಾಸಿನ ಹುಡುಗಿಯರನ್ನು ಮಕ್ಕಳ ಬಗ್ಗೆ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಬೇಕು. ಬೇಡ. ಈಗ ಬೇಡ. ಮೊದಲ ಎರಡಕ್ಕೆ ಸುತ್ತಲಿನವರು ಏನಾದರೂ ಹೇಳುತ್ತಾರೆ, ಒಂದೋ ಖುಷಿ ಪಡುತ್ತಾರೆ, ಇಲ್ಲಾ ಬುದ್ಧಿ ಹೇಳುತ್ತಾರೆ. ಮೂರನೆಯ ಉತ್ತರವನ್ನು ಮಾತ್ರ ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. "ಈಗ ಬೇಡ" ಅಂದರೆ ಅದರ ಬೆನ್ನಿಗೇ ಎರಡು ಪ್ರಶ್ನೆಗಳಿವೆ: ಹಾಗಾದರೆ ಯಾವಾಗ? ಆಗ ದೇಹ ಒಪ್ಪುತ್ತದಾ?

ಎರಡನೆಯ ಪ್ರಶ್ನೆಗೆ ಈಗ ಸುಲಭದ ಉತ್ತರವೊಂದು ಎಲ್ಲ ಕಡೆ ಕೇಳಿಸುತ್ತಿದೆ. ಎಗ್ ಫ್ರೀಜ್ ಮಾಡಿಸಿ, ನಿಶ್ಚಿಂತೆಯಿಂದ ಇರಿ. ಅಂದರೆ, ಈಗಲೇ ಅಂಡಾಣುಗಳನ್ನು ತೆಗೆಸಿ, ತೀರಾ ತಣ್ಣಗೆ ಶೇಖರಿಸಿಟ್ಟು, ಮುಂದೆ ಬೇಕಾದಾಗ ಬಳಸುವುದು. ಈ ತಂತ್ರಜ್ಞಾನ ನಿಜವಾಗಿಯೂ ಒಳ್ಳೆಯದು, ಸಾವಿರಾರು ಹೆಣ್ಣುಮಕ್ಕಳಿಗೆ ನೆರವಾಗಿದೆ. ಆದರೆ "ನಿಶ್ಚಿಂತೆ" ಎಂಬ ಮಾತು ಅದಕ್ಕೆ ಹೊಂದುವುದಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಅಂಡಾಶಯದೊಳಗೆ ಏನು ನಡೆಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು. ಅದಕ್ಕೂ ಮೊದಲು, ಮುಂದೂಡುವುದು ಯಾಕೆ ಎಂಬುದನ್ನು ನೋಡೋಣ.

ಮುಂದೂಡುವುದು ಯಾಕೆ?

"ಈಗಿನ ಹುಡುಗಿಯರಿಗೆ ಕೆರಿಯರ್ ಮುಖ್ಯ, ಮಗು ಬೇಡ" ಎಂಬ ಮಾತು ತುಂಬಾ ಓಡಾಡುತ್ತದೆ. 2014ರಲ್ಲಿ ಫೇಸ್‌ಬುಕ್ ಮತ್ತು ಆಪಲ್ ಕಂಪನಿಗಳು ತಮ್ಮ ನೌಕರರ ಎಗ್ ಫ್ರೀಜಿಂಗ್ ಖರ್ಚು ಕೊಡುತ್ತೇವೆ ಅಂದಾಗ ಆ ಮಾತಿಗೆ ಇನ್ನಷ್ಟು ಬಲ ಬಂತು. ಆದರೆ ಅಂಡಾಣು ಶೇಖರಿಸಿಟ್ಟ ಹೆಣ್ಣುಮಕ್ಕಳನ್ನೇ ಕೂರಿಸಿ ಕೇಳಿದಾಗ ಬೇರೆ ಕಥೆ ಹೊರಬಿತ್ತು. ಯೇಲ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಮಾರ್ಸಿಯಾ ಇನ್‌ಹಾರ್ನ್ ಹೀಗೆ 150ಕ್ಕೂ ಹೆಚ್ಚು ಮಹಿಳೆಯರ ಜೊತೆ ಮಾತಾಡಿದರು. ಬಹುಪಾಲು ಮಂದಿ ಹೇಳಿದ ಕಾರಣ ಒಂದೇ: ಜೊತೆಗೆ ಸರಿಯಾದ ಸಂಗಾತಿ ಇಲ್ಲ. ಓದು ಮುಗಿದಿದೆ, ಕೆಲಸ ಇದೆ, ಮಗುವಿನ ಆಸೆಯೂ ಇದೆ. ಮಗುವಿನ ಹೊಣೆ ಹಂಚಿಕೊಳ್ಳಲು ಮನಸ್ಸಿರುವ ಗಂಡಸು ಸಿಕ್ಕಿಲ್ಲ, ಅಥವಾ ಸಿಕ್ಕವನು "ಇನ್ನೂ ಸಮಯ ಇದೆ" ಅನ್ನುತ್ತಿದ್ದಾನೆ.

ಮಗು ಬೇಡವೇ ಬೇಡ ಅನ್ನುವವರೂ ಹೆಚ್ಚುತ್ತಿದ್ದಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ, ಮಕ್ಕಳಿಲ್ಲದ 50 ವರ್ಷದೊಳಗಿನವರಲ್ಲಿ ಶೇ. 47ರಷ್ಟು ಮಂದಿ ಮುಂದೆಯೂ ಮಕ್ಕಳಾಗುವ ಸಾಧ್ಯತೆ ಕಡಿಮೆ ಎಂದರು. 2018ರಲ್ಲಿ ಈ ಸಂಖ್ಯೆ ಶೇ. 37 ಇತ್ತು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಟ್ಟ ಕಾರಣ, ಸುಮ್ನೆ ಇಷ್ಟವಿಲ್ಲ. ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು. ತಾಯ್ತನ ಬೇಡ ಎಂದು ತೀರ್ಮಾನಿಸಿದವಳಿಗೆ ಈ ಲೇಖನ ಏನನ್ನೂ ಮಾರುವುದಿಲ್ಲ. ನನ್ನ ಕಾಳಜಿ "ಈಗ ಬೇಡ" ಅನ್ನುವವಳ ಬಗ್ಗೆ. ಯಾಕೆಂದರೆ ಅವಳ ನಿರ್ಧಾರಕ್ಕೆ ಬೇಕಾದ ಮಾಹಿತಿ ಬಹಳ ಸಲ ತಡವಾಗಿ ಅವಳ ಕೈಸೇರುತ್ತದೆ.

2006ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಅಧ್ಯಯನವನ್ನೇ ನೋಡಿ. ಅದರಲ್ಲಿ ಭಾಗವಹಿಸಿದವರು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು. ಅವರಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು 35 ದಾಟಿದ ಮೇಲೂ ಮಕ್ಕಳನ್ನು ಪಡೆಯುವ ಯೋಜನೆಯಲ್ಲಿದ್ದರು. ಆದರೆ ವಯಸ್ಸಾದಂತೆ ಗರ್ಭ ನಿಲ್ಲುವ ಸಾಧ್ಯತೆ ಎಷ್ಟು ಇಳಿಯುತ್ತದೆ ಎಂಬ ಅಂದಾಜು ಹಲವರಿಗೆ ಇರಲಿಲ್ಲ. ಓದಿದವರ ಕಥೆಯೇ ಹೀಗೆ. ಗರ್ಭ ತಡೆಯುವುದು ಹೇಗೆ ಎಂದು ಕಲಿಸುತ್ತೇವೆ. ಗರ್ಭ ನಿಲ್ಲುವ ಕಾಲ ಎಷ್ಟು ಎಂದು ಯಾರೂ ಕಲಿಸುವುದಿಲ್ಲ.

ಅಂಡಾಶಯದ ಲೆಕ್ಕ

ಹೆಣ್ಣುಮಗು ತನ್ನ ಎಲ್ಲ ಅಂಡಾಣುಗಳ ಜೊತೆಗೇ ಹುಟ್ಟುತ್ತದೆ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಭ್ರೂಣವಾಗಿದ್ದಾಗ ಅವುಗಳ ಸಂಖ್ಯೆ 60–70 ಲಕ್ಷ. ಹುಟ್ಟುವ ಹೊತ್ತಿಗೆ 10–20 ಲಕ್ಷ. ಮೈನೆರೆಯುವಾಗ ಉಳಿಯುವುದು ಮೂರ್ನಾಲ್ಕು ಲಕ್ಷ. ಇಡೀ ಜೀವನದಲ್ಲಿ ಬಲಿತು ಹೊರಬರುವುದು ನಾನೂರು, ಐನೂರು ಅಷ್ಟೆ. ಉಳಿದವೆಲ್ಲ ತಾವಾಗಿಯೇ ನಶಿಸುತ್ತವೆ. ಗರ್ಭನಿರೋಧಕ ಮಾತ್ರೆ ನುಂಗಿದರೂ ಈ ನಶಿಸುವಿಕೆ ನಿಲ್ಲುವುದಿಲ್ಲ. ಮಾತ್ರೆ ನುಂಗಿದ್ದರಿಂದ ಅದು ಹೆಚ್ಚುವುದೂ ಇಲ್ಲ.

ಸಂಖ್ಯೆಗಿಂತ ದೊಡ್ಡ ವಿಷಯ ಗುಣಮಟ್ಟ. ಪ್ರತಿ ಅಂಡಾಣುವಿನ ಕೋಶವಿಭಜನೆ ನಾವು ಹುಟ್ಟುವ ಮೊದಲೇ ಶುರುವಾಗಿ ಅರ್ಧಕ್ಕೆ ನಿಂತಿರುತ್ತದೆ. ಅದು ಮುಂದುವರಿಯುವುದು ಆ ಅಂಡಾಣು ಬಲಿಯುವ ತಿಂಗಳಲ್ಲಿ. 25ರ ವಯಸ್ಸಿನಲ್ಲಿ ಬಿಡುಗಡೆಯಾದ ಅಂಡಾಣು 25 ವರ್ಷ ಕಾದಿದೆ. 40ರಲ್ಲಿ ಬಂದದ್ದು 40 ವರ್ಷ ಕಾದಿದೆ. ಅಷ್ಟೂ ಕಾಲ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ಜೋಡಿಗಳನ್ನು ಹಿಡಿದಿಡುವ ಪ್ರೊಟೀನುಗಳು ನಿಧಾನಕ್ಕೆ ಸಡಿಲವಾಗುತ್ತವೆ. ಹಾಗಾಗಿ ಕೊನೆಯಲ್ಲಿ ಹಂಚಿಕೆ ಆಗುವಾಗ ಒಂದು ಕ್ರೋಮೋಸೋಮ್ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಿಡುತ್ತದೆ. ಅಂಥ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭಕೋಶದಲ್ಲಿ ನಿಲ್ಲುವುದೇ ಇಲ್ಲ, ನಿಂತರೂ ಗರ್ಭಪಾತವಾಗುತ್ತದೆ. ಕೆಲವು ಹೆರಿಗೆಯವರೆಗೂ ಬರುತ್ತವೆ. ಡೌನ್ ಸಿಂಡ್ರೋಮ್ ಅದಕ್ಕೆ ಪರಿಚಿತ ಉದಾಹರಣೆ: ತಾಯಿಗೆ 25 ವರ್ಷವಾಗಿದ್ದಾಗ ಸುಮಾರು 1,250ರಲ್ಲಿ ಒಂದು, 40 ಆಗಿದ್ದಾಗ ಸುಮಾರು 100ರಲ್ಲಿ ಒಂದು.

ಇದರ ಪರಿಣಾಮ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಇಪ್ಪತ್ತರಿಂದ ಮೂವತ್ತರ ಶುರುವಿನವರೆಗೆ, ಆರೋಗ್ಯವಂತ ಜೋಡಿ ಪ್ರಯತ್ನಪಟ್ಟರೆ ಯಾವುದೇ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 40ಕ್ಕೆ ಅದು ಹತ್ತರಲ್ಲಿ ಒಂದರ ಹತ್ತಿರ ಇಳಿಯುತ್ತದೆ. 35ನೇ ಹುಟ್ಟುಹಬ್ಬದ ಬೆಳಿಗ್ಗೆ ಬಾಗಿಲು ಮುಚ್ಚಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇಳಿಕೆ ಮೂವತ್ತರ ಶುರುವಿನಿಂದ ನಿಧಾನಕ್ಕೆ ಆಗುತ್ತಾ, 35–37ರ ನಂತರ ವೇಗ ಪಡೆಯುತ್ತದೆ. ಇನ್ನೊಂದು ತಪ್ಪು ನಂಬಿಕೆ: "ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತಿದೆ, ಹಾಗಾದ್ರೆ ಎಲ್ಲ ಸರಿ ಇದೆ." ಮುಟ್ಟು ನಿಲ್ಲುವುದಕ್ಕೆ ಎಷ್ಟೋ ವರ್ಷ ಮೊದಲೇ ಗರ್ಭ ನಿಲ್ಲುವ ಸಾಮರ್ಥ್ಯ ಬಹುತೇಕ ಮುಗಿದಿರುತ್ತದೆ.

ನನಗೆ ಎಲ್ಲಕ್ಕಿಂತ ಉಪಯುಕ್ತ ಅನ್ನಿಸಿದ್ದು ನೆದರ್ಲೆಂಡ್ಸ್‌ನ ಸಂಶೋಧಕರು 2015ರಲ್ಲಿ ಮಾಡಿದ ಒಂದು ಲೆಕ್ಕ. ಅವರು ಪ್ರಶ್ನೆಯನ್ನೇ ತಿರುಗಿಸಿದರು. "ಎಷ್ಟು ವಯಸ್ಸಿಗೆ ತಡವಾಯಿತು?" ಎಂದು ಕೇಳದೆ, "ನಿಮಗೆ ಎಷ್ಟು ಮಕ್ಕಳು ಬೇಕು, ಅದು ನಿಮಗೆ ಎಷ್ಟು ಮುಖ್ಯ?" ಎಂದು ಕೇಳಿದರು. ಐವಿಎಫ್ (ಅಂಡಾಣು, ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಇಲ್ಲದೆ ಒಂದು ಮಗು ಆಗುವ ಸಾಧ್ಯತೆ ಶೇ. 90 ಇರಬೇಕು ಅನ್ನುವ ಜೋಡಿ, ಹೆಂಗಸಿಗೆ 32 ಆಗುವಷ್ಟರಲ್ಲಿ ಪ್ರಯತ್ನ ಶುರು ಮಾಡಬೇಕು. ಇಬ್ಬರು ಬೇಕಿದ್ದರೆ 27ಕ್ಕೆ. ಮೂವರು ಬೇಕಿದ್ದರೆ 23ಕ್ಕೆ. ಐವಿಎಫ್‌ಗೂ ತಯಾರಿದ್ದರೆ ಇದೇ ಲೆಕ್ಕ 35, 31, 28 ಆಗುತ್ತದೆ. ಆದರೆ "ಮಗು ಆದರೆ ಆಯ್ತು, ಆಗದಿದ್ದರೂ ನಮ್ಮ ಬದುಕು ಚೆನ್ನಾಗಿರುತ್ತದೆ" ಅನ್ನುವವರಿಗೆ, ಅಂದರೆ ಶೇ. 50ರ ಸಾಧ್ಯತೆ ಸಾಕು ಅನ್ನುವವರಿಗೆ, ಐವಿಎಫ್ ಇಲ್ಲದೆಯೂ ಒಂದು ಮಗುವಿಗೆ 41ರವರೆಗೆ ಸಮಯವಿದೆ.

ಒಂದೇ ದೇಹ, ಒಂದೇ ವಿಜ್ಞಾನ. ಆದರೂ ಮಗು ನಿಮಗೆ ಎಷ್ಟು ಮುಖ್ಯ ಎಂಬುದರ ಮೇಲೆ ಉತ್ತರ ಒಂಬತ್ತು ವರ್ಷ ಆಚೀಚೆ ಆಗುತ್ತದೆ. ಮನಸ್ಸಿನಲ್ಲಿ ಎರಡು ಮಕ್ಕಳ ಚಿತ್ರ ಇಟ್ಟುಕೊಂಡು, ಒಂದು ಮಗುವಿನ ವೇಳಾಪಟ್ಟಿ ಹಾಕಿಕೊಂಡವರು ಬಹಳ ಮಂದಿ ಇದ್ದಾರೆ. ಮೊದಲ ಮಗು 36ಕ್ಕೆ ಸಲೀಸಾಗಿ ಆಗುತ್ತದೆ, ಎರಡನೆಯದಕ್ಕೆ 39ರಲ್ಲಿ ಪರದಾಟ ಶುರುವಾಗುತ್ತದೆ.

ಫ್ರೀಜಿಂಗ್ ಅಂದರೆ ಏನು ಮಾಡುತ್ತಾರೆ?

ಅಂಡಾಣು ನಮ್ಮ ದೇಹದ ಅತಿ ದೊಡ್ಡ ಕೋಶಗಳಲ್ಲಿ ಒಂದು. ಅದರೊಳಗೆ ನೀರು ಜಾಸ್ತಿ. ಮೊದಲೆಲ್ಲ ನಿಧಾನಕ್ಕೆ ತಂಪು ಮಾಡುತ್ತಿದ್ದರು. ಆಗ ಒಳಗಿನ ನೀರು ಚೂಪಾದ ಮಂಜಿನ ಹರಳಾಗಿ ಕೋಶವನ್ನೇ ಸೀಳುತ್ತಿತ್ತು. 1986ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕ್ರಿಸ್ಟೋಫರ್ ಚೆನ್ ಫ್ರೀಜ್ ಮಾಡಿದ ಅಂಡಾಣುವಿನಿಂದ ಮೊದಲ ಬಾರಿ ಗರ್ಭ ನಿಲ್ಲಿಸಿದ್ದರೂ, ಮುಂದಿನ ಎಷ್ಟೋ ವರ್ಷ ಈ ವಿಧಾನ ನೆಚ್ಚಿಕೊಳ್ಳುವಂತಿರಲಿಲ್ಲ. ಚಿತ್ರ ಬದಲಾದದ್ದು ವಿಟ್ರಿಫಿಕೇಶನ್ ಬಂದ ಮೇಲೆ. ಅಂಡಾಣುವಿನ ನೀರನ್ನು ಆದಷ್ಟು ಹೊರತೆಗೆದು, ರಕ್ಷಕ ದ್ರಾವಣ ತುಂಬಿ, ಕ್ಷಣಮಾತ್ರದಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ಹರಳು ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಸಂತಾನ ಚಿಕಿತ್ಸೆಯ ತಜ್ಞರ ಸಂಘಟನೆಯಾದ ಅಮೆರಿಕನ್ ಸೊಸೈಟಿ ಫಾರ್ ರಿಪ್ರೊಡಕ್ಟಿವ್ ಮೆಡಿಸಿನ್ 2012ರಲ್ಲಿ ಇದರ ಮೇಲಿದ್ದ "ಪ್ರಾಯೋಗಿಕ" ಎಂಬ ಹಣೆಪಟ್ಟಿ ತೆಗೆಯಿತು. ಆದರೆ ಬರೀ ಮುಂದೂಡುವ ಸಲುವಾಗಿ ಇದನ್ನು ಬಳಸಿ ಎಂದು ಆಗ ಅದು ಶಿಫಾರಸು ಮಾಡಲಿಲ್ಲ. ಈ ಎರಡನೆಯ ಭಾಗ ಜಾಹೀರಾತುಗಳಲ್ಲಿ ಬರುವುದಿಲ್ಲ.

ಮಾಡಿಸಿಕೊಳ್ಳುವವಳಿಗೆ ಇದು ಸುಮಾರು ಎರಡು ವಾರದ ಕೆಲಸ. ಪ್ರತಿದಿನ ಹೊಟ್ಟೆಯ ಚರ್ಮಕ್ಕೆ ಹಾರ್ಮೋನ್ ಇಂಜೆಕ್ಷನ್. ಹೆಚ್ಚಿನವರು ತಾವೇ ಚುಚ್ಚಿಕೊಳ್ಳುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಯೋನಿಯ ಮೂಲಕ ಸ್ಕ್ಯಾನಿಂಗ್. ಎಂಟು ಹತ್ತು ದಿನವಾಗುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿ, ಬಟ್ಟೆ ಬಿಗಿಯಾಗುತ್ತದೆ, ಮನಸ್ಸು ಕಿರಿಕಿರಿಯಾಗುತ್ತದೆ. ಕೊನೆಗೆ ಗಡಿಯಾರ ನೋಡಿಕೊಂಡು ಹಾಕಿಕೊಳ್ಳುವ ಒಂದು ಇಂಜೆಕ್ಷನ್ ಇದೆ. ಅದಾಗಿ ಸುಮಾರು 36 ಗಂಟೆಗೆ, ಮಂಪರು ಬರಿಸಿ, ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ಅಂಡಾಣುಗಳನ್ನು ಹೀರಿ ತೆಗೆಯುತ್ತಾರೆ. ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಅಪರೂಪಕ್ಕೆ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದಲ್ಲಿ ಬಲಿಯದ ಅಂಡಾಣುಗಳ ಚಿಕ್ಕ ಚೀಲಗಳು ತುಂಬಿಕೊಳ್ಳುವ ತೊಂದರೆ) ಇರುವವರಲ್ಲಿ ಈ ಅಪಾಯ ಹೆಚ್ಚು, ವೈದ್ಯರಿಗೆ ಮೊದಲೇ ಹೇಳಬೇಕು. "ಈಗಲೇ ಇಷ್ಟೊಂದು ತೆಗೆದರೆ ಮುಂದಕ್ಕೆ ಖಾಲಿಯಾಗುವುದಿಲ್ಲವಾ?" ಎಂದು ಹಲವರು ಕೇಳುತ್ತಾರೆ. ಇಲ್ಲ. ಪ್ರತಿ ತಿಂಗಳೂ ಒಂದು ಗುಂಪು ಅಂಡಾಣುಗಳು ಬೆಳೆಯಲು ಸಜ್ಜಾಗುತ್ತವೆ, ಒಂದು ಗೆಲ್ಲುತ್ತದೆ, ಉಳಿದವು ಸಾಯುತ್ತವೆ. ಔಷಧಿ ಉಳಿಸುವುದು ಆ ಸಾಯಲಿದ್ದವುಗಳನ್ನೇ.

ಇಷ್ಟಾದ ಮೇಲೆ ಲ್ಯಾಬಿನಿಂದ ಒಂದು ಸಂಖ್ಯೆ ಬರುತ್ತದೆ. ಹನ್ನೆರಡು, ಅಂದುಕೊಳ್ಳಿ. ಕೇಳಿದವಳಿಗೆ ಹನ್ನೆರಡು ಮಕ್ಕಳ ಅವಕಾಶ ಸಿಕ್ಕಂತೆ ಅನ್ನಿಸುವುದು ಸಹಜ. ಮುಂದಿನ ದಾರಿ ಹೀಗಿರುತ್ತದೆ: ವರ್ಷಗಳ ನಂತರ ಕರಗಿಸಿದಾಗ ಹನ್ನೆರಡರಲ್ಲಿ ಹತ್ತು ಬದುಕುತ್ತವೆ. ವೀರ್ಯಾಣು ಸೇರಿಸಿದಾಗ ಏಳು ಫಲಿಸುತ್ತವೆ. ಲ್ಯಾಬಿನಲ್ಲಿ ಐದಾರು ದಿನ ಬೆಳೆದು ಗರ್ಭಕೋಶಕ್ಕೆ ಹಾಕುವ ಹಂತಕ್ಕೆ ಮೂರು ಬರಬಹುದು. ಆ ಮೂರರಲ್ಲಿ ಕ್ರೋಮೋಸೋಮ್ ಸರಿಯಿರುವವು ಒಂದೋ ಎರಡೋ. ಸರಿಯಿರುವ ಭ್ರೂಣವೂ ಪ್ರತಿ ಸಲ ನಿಲ್ಲುವುದಿಲ್ಲ. ಇದು 35ರ ಸುಮಾರಿಗೆ ಅಂಡಾಣು ತೆಗೆಸಿದವಳ ಒರಟು ಲೆಕ್ಕ. 40 ದಾಟಿದ್ದರೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಏರುಪೇರು ಇರುತ್ತದೆ.

ನಿಜವಾಗಿ ಹಿಂದಿರುಗಿ ಬಂದವರಿಗೆ ಏನಾಯಿತು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೇಂದ್ರವೊಂದು ಹದಿನೈದು ವರ್ಷಗಳ ದಾಖಲೆಯನ್ನು 2022ರಲ್ಲಿ ಪ್ರಕಟಿಸಿತು. ಫ್ರೀಜ್ ಮಾಡಿಸಿದಾಗ ಅಲ್ಲಿಯವರ ಸರಾಸರಿ ವಯಸ್ಸು 38. ತಮ್ಮ ಅಂಡಾಣು ಬಳಸಲು ಬಂದ 543 ಮಂದಿಯಲ್ಲಿ ಮಗುವಾದದ್ದು ಶೇ. 39ರಷ್ಟು ಜನರಿಗೆ. 38ಕ್ಕಿಂತ ಮೊದಲು ಫ್ರೀಜ್ ಮಾಡಿಸಿದವರಲ್ಲಿ ಅದು ಶೇ. 51. ಆ ವಯಸ್ಸಿಗೆ ಮೊದಲೇ ಮಾಡಿಸಿ, 20 ಅಥವಾ ಹೆಚ್ಚು ಅಂಡಾಣು ಕರಗಿಸಿದವರಲ್ಲಿ ಶೇ. 70. ಒಂದೇ ಸಲಕ್ಕೆ ಇಪ್ಪತ್ತು ಸಿಗುವುದು ಎಲ್ಲರ ಅದೃಷ್ಟವಲ್ಲ. ಹಲವರು ಎರಡು ಮೂರು ಸುತ್ತು ಮಾಡಿಸಬೇಕಾಗುತ್ತದೆ. ಖರ್ಚೂ ಅಷ್ಟೇ ಪಟ್ಟು.

ಯಾವ ವಯಸ್ಸಿಗೆ ಅನ್ನುವ ಇಕ್ಕಟ್ಟು

ಹಾಗಾದರೆ 25ಕ್ಕೇ ಮಾಡಿಸಿಬಿಡುವುದು ಒಳ್ಳೆಯದಲ್ವಾ? ದೇಹದ ದೃಷ್ಟಿಯಿಂದ ಹೌದು. ಆದರೆ 25ಕ್ಕೆ ಮಾಡಿಸಿದವಳಿಗೆ ಮುಂದೆ ಸಹಜವಾಗಿ ಮಗುವಾಗುವ ಸಾಧ್ಯತೆಯೇ ಹೆಚ್ಚು. ಅವಳು ಆ ಅಂಡಾಣುಗಳನ್ನು ಮುಟ್ಟುವುದೇ ಇಲ್ಲ. ಇಂಜೆಕ್ಷನ್, ಮಂಪರು, ಶೇಖರಣೆಗೆ ಕಟ್ಟುವ ವರ್ಷವರ್ಷದ ಬಾಡಿಗೆ ಎಲ್ಲ ಹಾಗೇ ಹೋಗುತ್ತದೆ. 40ಕ್ಕೆ ಮಾಡಿಸುವವಳಿಗೆ ಅವು ಬೇಕಾಗುವ ಸಾಧ್ಯತೆ ಹೆಚ್ಚು, ಕೆಲಸಕ್ಕೆ ಬರುವ ಸಾಧ್ಯತೆ ಕಡಿಮೆ. ಅತಿ ಚೆನ್ನಾಗಿ ಫಲ ಕೊಡುವ ವಯಸ್ಸು ಒಂದು, ಅತಿ ಹೆಚ್ಚು ಬೇಕೆನಿಸುವ ವಯಸ್ಸು ಇನ್ನೊಂದು. ಇಡೀ ವಿಷಯದ ಗಂಟು ಇರುವುದು ಇಲ್ಲೇ. ಮಗು ಬೇಕು ಎಂಬ ಆಸೆ ಗಟ್ಟಿಯಿದ್ದು, ಮುಂದಿನ ಕೆಲವು ವರ್ಷ ಅದು ಆಗುವ ದಾರಿ ಕಾಣದವರಿಗೆ, ಮೂವತ್ತರ ಮೊದಲರ್ಧ ಇವೆರಡರ ನಡುವೆ ಒಂದು ಒಪ್ಪುವ ಜಾಗ. ಎಲ್ಲರಿಗೂ ಅನ್ವಯಿಸುವ ಒಂದು ವಯಸ್ಸನ್ನು ಹೇಳುವವರನ್ನು ನಾನು ನಂಬುವುದಿಲ್ಲ.

ಇದನ್ನು ಇನ್ಶೂರೆನ್ಸ್ ಎಂದು ಕರೆಯುವವರಿದ್ದಾರೆ. ಇನ್ಶೂರೆನ್ಸ್‌ನಲ್ಲಿ ನಷ್ಟವಾದರೆ ಹಣ ಬರುತ್ತದೆ. ಇಲ್ಲಿ ಕೈಗೆ ಸಿಗುವುದು ಇನ್ನೊಮ್ಮೆ ಪ್ರಯತ್ನಿಸುವ ಅವಕಾಶ, ಅಷ್ಟೆ. ಅದಕ್ಕೆ ಬೆಲೆಯಿಲ್ಲ ಎಂದಲ್ಲ. ಒತ್ತಡ ತಗ್ಗಿ, ಅವಸರದಲ್ಲಿ ಯಾರನ್ನೋ ಒಪ್ಪಿಕೊಳ್ಳುವುದು ತಪ್ಪಿತು ಎಂದು ಹೇಳುವವರಿದ್ದಾರೆ. ಆ ನೆಮ್ಮದಿಯೂ ದೊಡ್ಡದೇ. ಆದರೆ ಅದೇ ಭರವಸೆಯಲ್ಲಿ 42ರವರೆಗೆ ಕಾದು, ಆಮೇಲೆ ಒಂದೂ ಭ್ರೂಣ ನಿಲ್ಲದೆ ಹೋದರೆ ಆಗುವ ನೋವು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ನಡುವೆ ಎಎಂಎಚ್ ಟೆಸ್ಟ್ ಬಗ್ಗೆ ಒಂದು ಮಾತು. ಈ ರಕ್ತಪರೀಕ್ಷೆ ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆ. ಒಂದು ಸುತ್ತಿನಲ್ಲಿ ಎಷ್ಟು ಸಿಗಬಹುದು ಎಂದು ತಿಳಿಯಲು ಒಳ್ಳೆಯದು. ಗುಣಮಟ್ಟದ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಂಜೆತನದ ಹಿನ್ನೆಲೆ ಇಲ್ಲದ 30ರಿಂದ 44ರ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರಿಗೂ ಉಳಿದವರಷ್ಟೇ ಸಹಜವಾಗಿ ಗರ್ಭ ನಿಂತಿತು. 28ರ ಹುಡುಗಿಗೆ ಕಡಿಮೆ ಎಎಂಎಚ್ ತೋರಿಸಿ "ಇನ್ನು ತಡಮಾಡಬೇಡಿ" ಎಂದು ಹೆದರಿಸುವುದು ಅನ್ಯಾಯ. ಹಾಗೆಯೇ 39ರವಳಿಗೆ ಹೆಚ್ಚಿನ ಎಎಂಎಚ್ ತೋರಿಸಿ ಸಮಾಧಾನ ಹೇಳುವುದೂ ತಪ್ಪು.

ಮುಂದೂಡುವ ಪ್ರಶ್ನೆಯೇ ಇಲ್ಲದವರು

ಕೆಲವರಿಗೆ ಯೋಚಿಸಲು ವರ್ಷಗಳಿರುವುದಿಲ್ಲ, ವಾರಗಳಿರುತ್ತವೆ. ಕ್ಯಾನ್ಸರ್ ಎಂದು ತಿಳಿದ 24ರ ಹುಡುಗಿಗೆ ಆ ಕ್ಷಣದಲ್ಲಿ ಮಗುವಿನ ಯೋಚನೆ ಬರುವುದಿಲ್ಲ. ಬರಬೇಕಾದ್ದು ಅವಳ ವೈದ್ಯರಿಗೆ. ಸೈಕ್ಲೋಫಾಸ್ಫಮೈಡ್‌ನಂಥ ಕೀಮೋ ಔಷಧಿಗಳು ಮತ್ತು ಕಿಬ್ಬೊಟ್ಟೆಗೆ ಕೊಡುವ ರೇಡಿಯೇಶನ್ ಅಂಡಾಣುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಲ್ಲುತ್ತವೆ. ಈಗ ಮುಟ್ಟಿನ ದಿನಕ್ಕೆ ಕಾಯದೆ, ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರು ಮಾಡಿ ಸುಮಾರು ಎರಡು ವಾರದಲ್ಲಿ ಅಂಡಾಣು ತೆಗೆಯಬಹುದು. ಸ್ತನ ಕ್ಯಾನ್ಸರ್ ಇದ್ದರೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಏರದಂತೆ ಲೆಟ್ರೊಜೋಲ್ ಎಂಬ ಔಷಧಿಯನ್ನೂ ಜೊತೆಗೆ ಕೊಡುತ್ತಾರೆ. ಇನ್ನೂ ಮೈನೆರೆಯದ ಹುಡುಗಿಯರಿಗೆ ಇಂಜೆಕ್ಷನ್ ದಾರಿ ಇಲ್ಲ. ಅವರಿಗೆ ಅಂಡಾಶಯದ ಒಂದು ತುಂಡನ್ನೇ ತೆಗೆದು ಶೇಖರಿಸಿ, ಮುಂದೆ ಮತ್ತೆ ಕಸಿ ಮಾಡುವ ವಿಧಾನವಿದೆ. ಹೀಗೆ ಕಸಿ ಮಾಡಿದ ಅಂಗಾಂಶದಿಂದ ಮಗು ಹುಟ್ಟಿದ ವರದಿ 2004ರಲ್ಲಿ ಬೆಲ್ಜಿಯಂನಿಂದ ಬಂತು. ಕೀಮೋ ಶುರುವಾಗುವ ಮೊದಲು ಮನೆಯವರಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಲೇಬೇಕು: "ಡಾಕ್ಟ್ರೇ, ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇದೆಯಾ? ಈಗಲೇ ಏನಾದರೂ ಮಾಡಬಹುದಾ?"

ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಇದ್ದು ಅಂಡಾಶಯದ ಗಡ್ಡೆಗೆ ಆಪರೇಷನ್ ಆಗಬೇಕಾದವರು, ತಾಯಿಗೋ ಅಕ್ಕನಿಗೋ 40ರ ಒಳಗೇ ಮುಟ್ಟು ನಿಂತವರು ಸಹ ಬೇಗ ವಿಚಾರಿಸುವುದು ಒಳ್ಳೆಯದು.

ಫ್ರೀಜಿಂಗ್ ಹೊರತಾಗಿ ಸಾಮರ್ಥ್ಯ ಕಾಪಾಡಿಕೊಳ್ಳುವ ಸಾದಾ ದಾರಿಗಳೂ ಇವೆ. ಸಿಗರೇಟು ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಬೇಗ ನಿಲ್ಲುತ್ತದೆ. ಕ್ಲಮೈಡಿಯಾದಂಥ ಲೈಂಗಿಕ ಸೋಂಕು ಯಾವ ಲಕ್ಷಣವೂ ಇಲ್ಲದೆ ಗರ್ಭನಾಳವನ್ನು ಮುಚ್ಚಬಲ್ಲದು. ಕಾಂಡೋಮ್ ಮತ್ತು ಪರೀಕ್ಷೆ ಅದಕ್ಕೆ ಉತ್ತರ.

ಗಂಡಸರ ವಿಷಯ ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಜೀವನದಲ್ಲಿ ಯಾವಾಗಲಾದರೂ ಬಂಜೆತನ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಂಥ ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಬಹಳ ಸಾಮಾನ್ಯ. ವೀರ್ಯಾಣು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ ನಿಜ, ಆದರೆ ನಲವತ್ತು ದಾಟಿದ ಮೇಲೆ ಅವುಗಳ ಗುಣಮಟ್ಟವೂ ಇಳಿಯುತ್ತದೆ. "ಇನ್ನೂ ಸಮಯ ಇದೆ" ಅನ್ನುವವನಿಗೂ ಗಡುವು ಇದೆ. ಅದನ್ನು ಅವನಿಗೆ ಹೇಳುವ ಕೆಲಸವನ್ನು ಅವಳೊಬ್ಬಳ ಮೇಲೆ ಹಾಕಬಾರದು.

ಸೆಂಟರ್‌ಗೆ ಹೋಗುವ ಮುನ್ನ

ಫ್ರೀಜ್ ಮಾಡಿಸಲು ಮನಸ್ಸು ಮಾಡಿದ್ದರೆ, "ನಿಮ್ಮಲ್ಲಿ ಸಕ್ಸಸ್ ರೇಟ್ ಎಷ್ಟು?" ಎಂದು ಕೇಳಿ ಬಿಡಬೇಡಿ. ಆ ಪ್ರಶ್ನೆಗೆ ಏನು ಬೇಕಾದರೂ ಉತ್ತರ ಕೊಡಬಹುದು. ನನ್ನ ವಯಸ್ಸಿನಲ್ಲಿ ಇಲ್ಲಿ ಫ್ರೀಜ್ ಮಾಡಿಸಿದವರಲ್ಲಿ ಎಷ್ಟು ಜನ ವಾಪಸ್ ಬಂದು ಬಳಸಿದರು, ಅವರಲ್ಲಿ ಎಷ್ಟು ಜನರಿಗೆ ಮಗುವಾಯಿತು ಎಂದು ಕೇಳಿ. ವಾಪಸ್ ಬರುವವರು ಎಲ್ಲ ಕಡೆಯೂ ಕಡಿಮೆಯೇ, ಆದ್ದರಿಂದ ಅನುಭವ ಇಲ್ಲದ ಕೇಂದ್ರಗಳು ಬಹಳ ಇವೆ. ಕರಗಿಸಿದಾಗ ಎಷ್ಟು ಬದುಕಿದವು ಎಂಬ ಸ್ವಂತ ಲ್ಯಾಬಿನ ಅಂಕಿ ಕೇಳಿ, ಬೇರೆಲ್ಲೋ ಪ್ರಕಟವಾದದ್ದು ಬೇಡ. ಔಷಧಿ, ಅಂಡಾಣು ತೆಗೆಯುವುದು, ವಾರ್ಷಿಕ ಬಾಡಿಗೆ, ಮುಂದೆ ಕರಗಿಸಿ ಐವಿಎಫ್ ಮಾಡುವುದು, ಇಷ್ಟನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎಷ್ಟು ವರ್ಷ ಇಡಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ 2022ರಲ್ಲಿ ಹತ್ತು ವರ್ಷದ ಮಿತಿಯನ್ನು 55 ವರ್ಷಕ್ಕೆ ಏರಿಸಿತು. ಇಡುವ ಅವಧಿ ಉದ್ದವಾದರೂ ತಡವಾದ ಬಸಿರಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸಿಸೇರಿಯನ್ ಸಾಧ್ಯತೆ ಹೆಚ್ಚುವುದು ತಪ್ಪುವುದಿಲ್ಲ. ಅಂಡಾಣು 31ರದ್ದಾಗಿದ್ದರೂ ಹೊರುವ ದೇಹ 45ರದ್ದೇ. ಮತ್ತೆ ಒಪ್ಪಿಗೆ ಪತ್ರದಲ್ಲಿ ಒಂದು ಕಲಂ ಇರುತ್ತದೆ: ಬೇಡವಾದರೆ, ಅಥವಾ ನಿಮಗೇನಾದರೂ ಆದರೆ, ಅಂಡಾಣುಗಳನ್ನು ಏನು ಮಾಡಬೇಕು? ನಾಶಮಾಡುವುದೋ, ಸಂಶೋಧನೆಗೆ ಕೊಡುವುದೋ, ಕಾನೂನು ಒಪ್ಪುವಲ್ಲಿ ಇನ್ನೊಬ್ಬರಿಗೆ ದಾನ ಮಾಡುವುದೋ. ಹೆಚ್ಚಿನವರು ಓದದೆ ಸಹಿ ಹಾಕುವ ಪುಟ ಅದು. ಆ ಪತ್ರವನ್ನು ಮನೆಗೆ ತಂದು, ಒಂದೆರಡು ದಿನ ಇಟ್ಟುಕೊಂಡು ಓದಿ, ಆಮೇಲೆ ಸಹಿ ಹಾಕಿ.